ಪಿಕಪ್ ಸ್ಟೀರಿಂಗ್ ಕೆಲಸ: ಟೈ ರಾಡ್ ಆಯ್ತು, ಚಾಸಿಸ್ ಆಯ್ತು, ಡ್ರ್ಯಾಗ್ ಲಿಂಕ್ ಬಾಕಿ

ಹೋದ ಸಲ ಈರುಳ್ಳಿ ಕೀಳುವ ಹೊತ್ತಿನಲ್ಲಿ ಹೊಲದಿಂದ ಲೋಡ್ ತರುತ್ತಿದ್ದೆ. ಎಡಗಡೆ ಮುಂದಿನ ಚಕ್ರ ಒಂದು ಬಂಡೆಗೆ ಜೋರಾಗಿ ಬಡಿಯಿತು. ಅವತ್ತಿನಿಂದ ಗಾಡಿ ನೇರ ಹೋಗಬೇಕೆಂದರೆ ಸ್ಟೀರಿಂಗ್ ಓರೆ ಹಿಡಿಯಬೇಕಿತ್ತು. ಎರಡು ತಿಂಗಳಲ್ಲಿ ಮುಂದಿನ ಟೈರ್‌ಗಳ ಒಳ ಅಂಚು ಸವೆದು ಹೋಯಿತು. ಇನ್ನು ಸುಮ್ನೆ ಓಡಿಸುವುದು ಸರಿಯಲ್ಲ ಎನಿಸಿ ಈ ಕೆಲಸಕ್ಕೆ ಕೈ ಹಾಕಿದೆ.

ಮೊದಲ ಭಾನುವಾರ

ನನ್ನದು ಹಳೇ ಗಾಡಿ. ಮುಂದೆಯೂ ಗಟ್ಟಿ ಆಕ್ಸಲ್, ಪಟ್ಟಾ ಸ್ಪ್ರಿಂಗ್. ಮುಂದಿನ ಎರಡೂ ಚಕ್ರಗಳನ್ನು ಜೋಡಿಸುವ ಟೈ ರಾಡ್ ಆಕ್ಸಲ್ ಹಿಂದೆ ಇದೆ. ಚಕ್ರಕ್ಕೆ ಏಟು ಬಿದ್ದಾಗ ಅದು ಹೊರಗೆ ತಿರುಗುತ್ತದೆ, ಹಿಂದಿನ ಆರ್ಮ್ ಒಳಕ್ಕೆ ತಳ್ಳುತ್ತದೆ, ಉದ್ದದ ರಾಡ್ ನಡುವೆ ಬಾಗುತ್ತದೆ. ನನ್ನದು ಹಾಗೇ ಬಿಲ್ಲಿನಂತೆ ಬಾಗಿತ್ತು. ಬಾಗಿದ ರಾಡ್ ಗಿಡ್ಡವಾದಂತೆ, ಆದ್ದರಿಂದ ಎರಡೂ ಚಕ್ರಗಳು ಮುಂದೆ ಅಗಲಿಸಿಕೊಂಡಿದ್ದವು. ಟೈರ್ ಸವೆದದ್ದು ಅದಕ್ಕೇ.

ಹಿಂದೆ ಯಾರೋ ಇದೇ ರಾಡನ್ನು ಕಾಯಿಸಿ ನೇರ ಮಾಡಿ, ಒಂದು ಕಡೆ ವೆಲ್ಡ್ ಹೊಡೆದಿದ್ದರು. ಅದನ್ನು ನೋಡಿ ಎದೆ ಝಲ್ ಎಂದಿತು. ಸ್ಟೀರಿಂಗ್ ರಾಡಿಗೆ, ಅದರ ತುದಿಯ ಕೀಲಿಗೆ (ಎಂಡ್) ಬೆಂಕಿ ತೋರಿಸಲೇಬಾರದು. ಕಾಯಿಸಿದ ಜಾಗದಲ್ಲಿ ಉಕ್ಕಿನ ಗುಣವೇ ಬದಲಾಗುತ್ತದೆ. ಅದು ಯಾವತ್ತು ಕೈಕೊಡುತ್ತದೆ ಎಂದು ಹೇಳಲು ಬರುವುದಿಲ್ಲ.

ಎರಡನೇ ಭಾನುವಾರ

ದಾವಣಗೆರೆಯ ಒಂದು ಲೇತ್ ಅಂಗಡಿಗೆ ಹೋದೆ. ಚಿತ್ರದುರ್ಗದಿಂದ ಸುಮಾರು 60 ಕಿಮೀ, ಆದರೆ ಅಲ್ಲಿನ ಅಣ್ಣನ ಹತ್ತಿರ ಉಲ್ಟಾ ಥ್ರೆಡ್ ಹಾಕುವ ಟ್ಯಾಪ್ ಇತ್ತು. ಟೈ ರಾಡಿನ ಒಂದು ತುದಿ ಸೀದಾ ಥ್ರೆಡ್, ಇನ್ನೊಂದು ಉಲ್ಟಾ ಇರಬೇಕು. ಆಗಲೇ ಗಾಡಿಯಲ್ಲಿದ್ದಂತೆಯೇ ರಾಡ್ ತಿರುಗಿಸಿ ಚಕ್ರ ಹೊಂದಿಸಬಹುದು.

ಹಳೆಯದು 22 ಎಂಎಂ ಗಟ್ಟಿ ರಾಡ್. ನಾನು ತೆಗೆದುಕೊಂಡದ್ದು ಹೊರಗೆ 32 ಎಂಎಂ, ಗೋಡೆ 6 ಎಂಎಂ ಇರುವ ಸೀಮ್‌ಲೆಸ್ ಪೈಪ್. ತೂಕ ಹೆಚ್ಚಿದ್ದು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಬಾಗುವುದಕ್ಕೆ ಕೊಡುವ ತಡೆ ಮಾತ್ರ ಮೂರೂಮುಕ್ಕಾಲು ಪಟ್ಟು. ಬಿದಿರು ಟೊಳ್ಳಾದರೂ ಗಟ್ಟಿ ಇರುತ್ತದೆ ಅಲ್ವಾ, ಅದೇ ಲೆಕ್ಕ.

"ತಮ್ಮಾ, 40 ಎಂಎಂದೇ ಹಾಕಿಬಿಡೋಣ, ಜನ್ಮದಲ್ಲಿ ಬಾಗಲ್ಲ" ಎಂದರು ಅಣ್ಣ. ನಾನು ಬೇಡ ಎಂದೆ. ರಾಡ್ ಬಾಗಲೇ ಇಲ್ಲ ಎಂದರೆ ಆ ಏಟೆಲ್ಲಾ ಟೈ ರಾಡ್ ಎಂಡಿನ ಸಣ್ಣ ಕುತ್ತಿಗೆಗೆ ಬೀಳುತ್ತದೆ. ಬಾಗಿದ ರಾಡಿನಲ್ಲಿ ನಿಧಾನವಾಗಿ ಮನೆ ಸೇರಬಹುದು. ಎಂಡ್ ಮುರಿದರೆ ಆ ಚಕ್ರ ನಮ್ಮ ಮಾತು ಕೇಳುವುದಿಲ್ಲ. ಸ್ವಲ್ಪ ಯೋಚಿಸಿ ಅಣ್ಣನೂ ಹೌದು ಎಂದರು. ಎರಡೂ ಎಂಡ್ ಹೊಸದೇ ಹಾಕಿದೆ. ಥ್ರೆಡ್ 30 ಎಂಎಂಗಿಂತ ಜಾಸ್ತಿ ಒಳಗೆ ಕೂತಿದೆ, ಮೇಲೆ ಲಾಕ್ ನಟ್.

ಮೂರನೇ ಭಾನುವಾರ

ಅವತ್ತು ಸಿಕ್ಕಿದ್ದು ನಿಜವಾದ ರೋಗ. ಅಪ್ಪನನ್ನು ಕೂರಿಸಿ ಸ್ಟೀರಿಂಗ್ ಅತ್ತಿತ್ತ ಆಡಿಸಲು ಹೇಳಿ ನಾನು ಕೆಳಗೆ ಮಲಗಿ ನೋಡಿದೆ. ಸ್ಟೀರಿಂಗ್ ಬಾಕ್ಸೇ ಚಾಸಿಸ್ ಜೊತೆ ಉಸಿರಾಡಿದಂತೆ ಅಲುಗುತ್ತಿತ್ತು! ಮಣ್ಣು, ಗ್ರೀಸ್ ಎಲ್ಲಾ ಕೆರೆದು ಸೀಮೆಎಣ್ಣೆ ಹಚ್ಚಿ, ಒರೆಸಿ, ಸೀಮೆಸುಣ್ಣದ ಪುಡಿ ಸವರಿದೆ. ಐದು ನಿಮಿಷದಲ್ಲಿ ಬೋಲ್ಟ್ ತೂತಿನಿಂದ ಬೆರಳುದ್ದದ ಒದ್ದೆ ಗೆರೆ ಮೂಡಿತು. ಬಿರುಕು. ಇದನ್ನು ನೋಡದೆ ಬರೀ ರಾಡ್ ಬದಲಿಸಿ ಓಡಿಸಿದ್ದರೆ ಏನಾಗುತ್ತಿತ್ತೋ.

ಬ್ಯಾಟರಿ ವೈರ್ ಬಿಚ್ಚಿಟ್ಟು, ಬಿರುಕಿನ ಕೊನೆಗೆ 5 ಎಂಎಂ ತೂತು ಕೊರೆದೆವು, ಬಿರುಕು ಮುಂದೆ ಓಡಬಾರದಲ್ಲ. ಬಿರುಕಿನುದ್ದಕ್ಕೂ ತೋಡು ಮಾಡಿ ವೆಲ್ಡ್ ತುಂಬಿಸಿ, ಮೇಲೆ 6 ಎಂಎಂ ಪ್ಲೇಟ್ ಕೂರಿಸಿದೆವು. ಬೋಲ್ಟ್ ಬಿಗಿದಾಗ ಟೊಳ್ಳು ಚಾಸಿಸ್ ಚಪ್ಪಟೆಯಾಗದಂತೆ ಪ್ರತಿ ಬೋಲ್ಟಿಗೂ ಒಳಗೆ ಪೈಪ್ ತುಂಡು ಕೊಟ್ಟಿದ್ದೇವೆ. ವೆಲ್ಡಿಂಗ್ ಮಾಡಿದವರು ಇದೇ ಕೆಲಸದಲ್ಲಿ ಪಳಗಿದವರು. ಇಲ್ಲಿ ಕೈ ಕಲಿಯಲು ಹೋಗಬೇಡಿ.

ನಿನ್ನೆ

ಟೈರಿನ ಮೇಲೆ ಮೊಳೆಯಿಂದ ಗೆರೆ ಎಳೆದು, ಟೇಪ್ ಹಿಡಿದು, ಎರಡೂ ಚಕ್ರಗಳ ನಡುವಿನ ಅಂತರ ಹಿಂಭಾಗಕ್ಕಿಂತ ಮುಂಭಾಗದಲ್ಲಿ 3 ಎಂಎಂ ಕಡಿಮೆ ಇಟ್ಟೆ. ಎಂಡಿನ ಕ್ಯಾಸಲ್ ನಟ್ (ತಲೆಯಲ್ಲಿ ಸೀಳು ಇರುವ ನಟ್) ಬಿಗಿದಾಗ, ಅದು ಬಿಚ್ಚದಂತೆ ಹಾಕುವ ಸ್ಪ್ಲಿಟ್ ಪಿನ್ನಿನ ತೂತು ಕೂಡಿಬರಲಿಲ್ಲ. ಇನ್ನಷ್ಟು ಬಿಗಿದು ಕೂಡಿಸಿದೆ. ಸಡಿಲಿಸಿ ಕೂಡಿಸಬಾರದು.

ಎಲ್ಲಾ ನಟ್‌ಗಳ ಮೇಲೆ ಬಿಳಿ ಪೇಂಟ್ ಗೆರೆ ಎಳೆದು ಭೀಮಸಮುದ್ರದ ಕಡೆ ಲೋಡ್ ಹಾಕಿಕೊಂಡು ಹೋಗಿ ಬಂದೆ. ಸ್ಟೀರಿಂಗ್ ನೇರ. ಅಪ್ಪ ಒಂದು ಕೈಯಲ್ಲಿ ಹಿಡಿದು ಓಡಿಸಿದರು. ಮನೆಗೆ ಬಂದು ಕೆಳಗೆ ತೂರಿ ನೋಡಿದೆ, ಒಂದು ಗೆರೆಯೂ ಸರಿದಿಲ್ಲ. ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆ ಹೋಗುವ ಡ್ರ್ಯಾಗ್ ಲಿಂಕ್ ರಾಡಿನ ಎಂಡಿನಲ್ಲಿ ಸ್ವಲ್ಪ ಪ್ಲೇ (ಸಡಿಲ) ಇದೆ, ಅದು ಮುಂದಿನ ಭಾನುವಾರಕ್ಕೆ.