ಭೀಮೆಗಿಂತ ದೊಡ್ಡ ಪದವಿಯ ಒಂದು ಹಳ್ಳ

ಮಳಖೇಡದ ಸೇತುವೆಯ ಮೇಲೆ ಕಾಗಿಣಾ ನದಿ ಹರಿದು ಸೇಡಂ–ಕಲಬುರಗಿ ರಸ್ತೆ ಬಂದಾದ ದಿನ ಮನೆಯಲ್ಲಿ ಕುಳಿತು ಫ್ರಾನ್ಸಿನ ನಕಾಶೆಯನ್ನು ನೋಡುತ್ತಿದ್ದಾಗ, ನಾರ್ಮಂಡಿಯ ಕರಾವಳಿಯಲ್ಲಿ ವ್ಯೋಲ್ ಎಂಬ ನದಿ ಕಣ್ಣಿಗೆ ಬಿತ್ತು. ವ್ಯೋಲ್-ಲೆ-ರೋಸ್ ಎಂಬ ಹಳ್ಳಿಯ ಮೇಲ್ತುದಿಯಲ್ಲಿ ಹುಟ್ಟಿ, ಅದೇ ಹಳ್ಳಿಯ ಕೆಳತುದಿಯಲ್ಲಿ ಕಡಲನ್ನು ಸೇರುವ ಅದರ ಉದ್ದ ಸುಮಾರು 1.1 ಕಿ.ಮೀ. ಮಾತ್ರ. ನಮ್ಮಲ್ಲಾಗಿದ್ದರೆ ಅದನ್ನು ಹಳ್ಳವೆಂದೋ ನಾಲಾ ಎಂದೋ ಕರೆದು ಸುಮ್ಮನಾಗುತ್ತಿದ್ದೆವು.

ಫ್ರೆಂಚರ ಲೆಕ್ಕ ಬೇರೆ. ಕಡಲನ್ನು ಸೇರುವ ನದಿಗೆ ಅವರು ‘ಫ್ಲ್ಯೂವ್’ ಎನ್ನುತ್ತಾರೆ, ಇನ್ನೊಂದು ನದಿಯನ್ನು ಸೇರುವುದಕ್ಕೆ ‘ರಿವಿಯೇರ್’ ಎನ್ನುತ್ತಾರೆ. ಹೀಗಾಗಿ 514 ಕಿ.ಮೀ. ಹರಿದು ಸೇನ್ ನದಿಯಲ್ಲಿ ಕೂಡುವ ಮಾರ್ನ್ ಬರಿಯ ರಿವಿಯೇರ್; ಹಳ್ಳಿಯ ಗಡಿಯನ್ನೇ ದಾಟದ ವ್ಯೋಲ್ ಮಾತ್ರ ಫ್ಲ್ಯೂವ್. ಈ ಲೆಕ್ಕದಲ್ಲಿ, 861 ಕಿ.ಮೀ. ಹರಿದರೂ ಕೊನೆಗೆ ಕೃಷ್ಣೆಯ ಪಾಲಾಗುವ ನಮ್ಮ ಭೀಮೆಗೆ ವ್ಯೋಲ್‌ನ ಪದವಿ ದಕ್ಕುವುದಿಲ್ಲ. ಭೀಮಾತೀರದವರ ಎದುರು ಇದನ್ನು ಹೇಳುವ ಧೈರ್ಯ ನನಗಿಲ್ಲ.

ಹೆಸರಿಗಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ನೆಲ. ಕೋ ಎಂಬ ಆ ಪ್ರಸ್ಥಭೂಮಿಯ ಒಡಲು ಸೀಮೆಸುಣ್ಣದ ಬಂಡೆ. ಬಿದ್ದ ಮಳೆಯನ್ನು ಅದು ಒಳಗೆಳೆದುಕೊಳ್ಳುವುದರಿಂದ ಮೇಲೆ ಹೊಳೆಗಳು ವಿರಳ; ಒಳಗಿಳಿದ ನೀರು ನಿಧಾನವಾಗಿ ಸಾಗಿ, ಕಡಲಿನ ಸಮೀಪದ ಕಣಿವೆಯಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಆ ಬುಗ್ಗೆಯ ನೀರು ಚಳಿಗಾಲ, ಬೇಸಿಗೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ತಂಪಿನದಾದ್ದರಿಂದ, ನದಿಯ ಹುಟ್ಟಿನಲ್ಲೇ ಮಡಿಗಳನ್ನು ಕಟ್ಟಿ, ಹರಿಯುವ ನೀರಿನಲ್ಲಿ ಬೆಳೆಯುವ ಕ್ರೆಸ್ ಎಂಬ ಖಾರದ ತಪ್ಪಲು ಪಲ್ಯವನ್ನು ಬೆಳೆಯುತ್ತಾರೆ. ಅಷ್ಟು ಗಿಡ್ಡ ಹರಿವಿನ ಮೇಲೆ ಹಿಂದೆ ಹಲವು ನೀರುಗಿರಣಿಗಳೂ ತಿರುಗುತ್ತಿದ್ದವು.

ನಮ್ಮ ಸೇಡಂ, ಶಹಾಬಾದ್ ಕಡೆಯ ಪರಸಿಯೂ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿಯೂ, ಸುಣ್ಣದ ಕಲ್ಲೇ, ಆದರೆ ಅದರ ಸ್ವಭಾವ ಬೇರೆ. ಹಾಳೆ ಹಾಳೆಯಾಗಿ ಏಳುವ ಗಟ್ಟಿ ಕಲ್ಲಿನಲ್ಲಿ ನೀರಿಗೆ ಸಿಗುವುದು ಬಿರುಕಿನ ದಾರಿ ಮಾತ್ರ. ಮೇಲಿನ ಎರಿಭೂಮಿಯೂ ಒಮ್ಮೆ ನೆನೆದು ಉಬ್ಬಿತೆಂದರೆ ನೀರನ್ನು ಒಳಬಿಡುವುದಿಲ್ಲ. ತಾಂಡೂರಿನ ಕಡೆಯಿಂದ ಬರುವ ಕಾಗಿಣಾ ಅದಕ್ಕೇ ಒಂದೆರಡು ದಿನದ ಜೋರು ಮಳೆಗೆ ಸೇತುವೆಯನ್ನು ಮುಳುಗಿಸುತ್ತದೆ, ಬೇಸಿಗೆಯಲ್ಲಿ ಮಡುಗಳಷ್ಟೇ ಉಳಿದು ಪಾತ್ರದ ಪರಸಿಯ ಪದರಗಳು ಮೆಟ್ಟಿಲಿನಂತೆ ತೋರುತ್ತವೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಿದ್ದದ್ದು ಈ ಹೊಳೆಯ ದಂಡೆಯಲ್ಲೇ. ಅದನ್ನು ಕೂಡುವ ಬೆಣ್ಣೆತೊರೆಯನ್ನೂ ನಾವು ನದಿಯೆಂದೇ ಕರೆಯುತ್ತೇವೆ, ಹೆಸರಿನ ಕೊನೆಗಿರುವ ‘ತೊರೆ’ಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.