“ಯಾವ ಆಪ್ ಬೆಸ್ಟ್ ಗುರು?” ಇನ್ಮೇಲೆ ಕೇಳಿದೋರಿಗೆ ಈ ಲಿಂಕ್ ಕಳಿಸ್ತೀನಿ

ನಾನು ಆಡೋ ವಿಡಿಯೋ ಗೇಮ್‌ಗಳ ಲೆಕ್ಕ ಇಡ್ತೀನಿ ಅಂತ ಗೊತ್ತಾದ ತಕ್ಷಣ ಎಲ್ರೂ ಕೇಳೋದು ಒಂದೇ. “ಅದಕ್ಕೆ ಯಾವ ಆಪ್ ಬೆಸ್ಟ್?” ಕೇಳೋರು ಒಳ್ಳೇವ್ರೇ, ಬೇಜಾರಿಲ್ಲ, ಆದ್ರೆ ಬಾಯಲ್ಲಿ ಹೇಳಿ ಹೇಳಿ ಸಾಕಾಗೋಗಿದೆ. ಅದ್ಕೇ ಒಂದ್ಸಲ ಕೂತು ಬರ್ದು ಹಾಕ್ತಿದೀನಿ. ಉದ್ದ ಆಯ್ತು ಅಂತ ಕಾಮೆಂಟ್ ಹಾಕ್ಬೇಡಿ, ಚಿಕ್ಕದಾಗಿ ಹೇಳಿದಾಗ ಯಾರೂ ಕೇಳಿಸ್ಕೊಂಡಿಲ್ಲ.

ಮೊದಲ್ನೇದಾಗಿ, ಬೆಸ್ಟ್ ಅಂತ ಒಂದಿಲ್ಲ. ಯಾವ ಕೆಲಸಕ್ಕೆ ಬೇಕು ಅಂತ ನಾನು ತಿರುಗಿ ಕೇಳಿದ್ರೆ “ಅಯ್ಯೋ ಸುಮ್ನೆ ಒಂದು ಹೆಸರು ಹೇಳಪ್ಪಾ” ಅಂತಾರೆ. ಡಬ್ಬಿ ಡಬ್ಬಿ ಡಿಸ್ಕ್, ಕಾರ್ಟ್ರಿಜ್ ಕೂಡಿಟ್ಟಿರೋನಿಗೆ ಬೇಕಾಗಿರೋದೇ ಬೇರೆ. ಅವನಿಗೆ ಸಿಎಲ್‌ಝಡ್ ಗೇಮ್ಸ್ ಥರದ್ದು ಸರಿ, ಫೋನ್ ಕ್ಯಾಮೆರಾ ಬಾರ್‌ಕೋಡ್ ಮೇಲೆ ಹಿಡಿದ್ರೆ ಗೇಮ್ ಹೆಸರು ಕವರ್ ಸಮೇತ ಲಿಸ್ಟಿಗೆ ಬಂದು ಕೂರುತ್ತೆ. ಇದನ್ನ ಕೇಳಿ ಖುಷಿಯಾಗಿ ಹೋಗಿ ಡಬ್ಬಿ ಇಲ್ಲದ ಹಳೇ ಕಾರ್ಟ್ರಿಜ್ ಕೈಗೆ ತಗೊಂಡು, ಇದ್ರಲ್ಲಿ ಬಾರ್‌ಕೋಡ್ ಎಲ್ಲಿದೆ ಅಂತ ಕೇಳ್ತಾರೆ. ಇರಲ್ಲ ಸ್ವಾಮಿ, ಅದು ಡಬ್ಬಿ ಮೇಲಿರುತ್ತೆ, ಡಬ್ಬಿ ಬಿಸಾಕಿದ್ದು ನಾನಲ್ಲ. ಕಲೆಕ್ಷನ್ ಬೆಲೆ ಎಷ್ಟಾಗುತ್ತೆ ಅಂತ ನೋಡ್ಕೊಂಡು ಖುಷಿಪಡೋರಿಗೆ ಪ್ರೈಸ್‌ಚಾರ್ಟಿಂಗ್ ಇದೆ. ಅಲ್ಲಿ ಒಂದೇ ಗೇಮಿಗೆ ಬರೀ ಕಾರ್ಟ್ರಿಜ್ ಆದ್ರೆ ಒಂದು ರೇಟು, ಡಬ್ಬಿ ಮ್ಯಾನ್ಯುಯಲ್ ಎಲ್ಲಾ ಸೇರಿ ಕಂಪ್ಲೀಟ್ ಇದ್ರೆ ಒಂದು, ಸೀಲ್ ಒಡೀದೇ ಇದ್ರೆ ಇನ್ನೊಂದು. ಅದನ್ನ ನೋಡಿದ್ಮೇಲೆ ಡಬ್ಬಿ ಬಿಸಾಕಿದೋರು ಒಂದೆರಡು ದಿನ ಯಾರ ಹತ್ರಾನೂ ಮಾತಾಡಲ್ಲ.

ಪಿಸಿಲಿ ಆಡೋನಿಗೆ ತಲೆನೋವು ಬೇರೆ ಥರ, ಗೇಮ್ ಕೊಳ್ಳೋ ಆನ್‌ಲೈನ್ ಅಂಗಡಿಗಳೇ ಹಲವು. ಸ್ಟೀಮ್‌ನಲ್ಲಿ ಅರ್ಧ, ಗಾಗ್‌ನಲ್ಲಿ ಸ್ವಲ್ಪ, ಎಪಿಕ್‌ನಲ್ಲಿ ಫ್ರೀ ಸಿಕ್ಕಿದ್ದೆಲ್ಲ. ಅದನ್ನೆಲ್ಲ ಒಂದೇ ಕಡೆ ನೋಡ್ಬೇಕು ಅಂದ್ರೆ ಪ್ಲೇನೈಟ್. ವಿಂಡೋಸ್‌ಗೆ ಮಾತ್ರ, ಓಪನ್ ಸೋರ್ಸ್, ಲೈಬ್ರರಿ ಡೇಟಾ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತೆ. ಗಾಗ್ ಗ್ಯಾಲಕ್ಸಿ 2.0 ಕೂಡ ಇದನ್ನೇ ಮಾಡೋಕೆ ಬಂದಿದ್ದು. ಟ್ರೋಫಿ (ಗೇಮ್ ಒಳಗಿನ ಸಾಧನೆಗೆ ಸಿಗೋ ಪದಕ, ಅಚೀವ್‌ಮೆಂಟ್ ಅಂದ್ರೂ ಅದೇ) ಹುಚ್ಚು ಇರೋರಿಗೆ ಪ್ಲೇಸ್ಟೇಷನ್ ಆದ್ರೆ ಪಿಎಸ್‌ಎನ್‌ಪ್ರೊಫೈಲ್ಸ್, ಎಕ್ಸ್‌ಬಾಕ್ಸ್‌ಗೆ ಟ್ರೂಅಚೀವ್‌ಮೆಂಟ್ಸ್, ಇದ್ರಲ್ಲಿ ಕಮ್ಮಿ ಜನ ಹೊಡೆದಿರೋ ಅಚೀವ್‌ಮೆಂಟ್‌ಗೆ ಪಾಯಿಂಟ್ ಜಾಸ್ತಿ. ಹಳೇ ಕಾಲದ ಗೇಮ್ ಎಮ್ಯುಲೇಟರ್‌ನಲ್ಲಿ (ಹಳೇ ಮಷಿನ್ ಥರಾನೇ ನಟಿಸೋ ಸಾಫ್ಟ್‌ವೇರ್) ಆಡೋರಿಗೆ ರೆಟ್ರೋಅಚೀವ್‌ಮೆಂಟ್ಸ್. ಅಲ್ಲಿ ಹಾರ್ಡ್‌ಕೋರ್ ಮೋಡ್ ಅಂತಿದೆ, ಆನ್ ಮಾಡಿದ್ರೆ ಸೇವ್ ಸ್ಟೇಟ್ (ಬೇಕಾದ ಕ್ಷಣದಲ್ಲಿ ಆಟ ಹಿಡಿದಿಟ್ಟಿದ್ದು) ಲೋಡ್ ಮಾಡೋ ಹಾಗಿಲ್ಲ, ಚೀಟ್ ಹಾಕೋ ಹಾಗಿಲ್ಲ, ಚಿಕ್ಕೋರಿದ್ದಾಗ ಒದ್ದಾಡಿದ ಥರಾನೇ ಒದ್ದಾಡ್ಬೇಕು. ನಿಂಟೆಂಡೋ ಸ್ವಿಚ್‌ನಲ್ಲಿ ಆಡೋರೇ, ನಿಮಗೆ ಅಚೀವ್‌ಮೆಂಟೂ ಇಲ್ಲ ಏನೂ ಇಲ್ಲ, ಪ್ರೊಫೈಲ್‌ನಲ್ಲಿ ಎಷ್ಟು ಹೊತ್ತು ಆಡಿದ್ರಿ ಅಂತ ಅಂದಾಜು ತೋರ್ಸುತ್ತೆ, ಅದನ್ನ ನೋಡಿ ಕೈಯಲ್ಲೇ ಟೈಪ್ ಮಾಡ್ಕೊಳಿ.

ನೋಡಿ, ಹೆಸರುಗಳು ಇಷ್ಟೇ. ಗೂಗಲ್ ಮಾಡಿದ್ರೂ ಸಿಕ್ತಿತ್ತು.

ಆದ್ರೆ ನಂಗೆ ರೇಗೋದು ಹೆಸರು ಕೇಳಿದ್ದಕ್ಕಲ್ಲ, ಆಮೇಲೆ ಆಗೋದಕ್ಕೆ. ನನ್ನ ಫ್ರೆಂಡ್ ಒಬ್ಬ ಹೀಗೇ ಫೋನ್ ಮಾಡಿ ಕೇಳಿದ. ನಾನೂ ಹುಮ್ಮಸ್ಸಲ್ಲಿ ಎಲ್ಲಾ ವಿವರ್ಸಿ, ಸ್ಕ್ರೀನ್ ಶೇರ್ ಮಾಡ್ಸಿ, ಅವನ ಅಕೌಂಟ್‌ಗಳನ್ನೆಲ್ಲ ಒಂದೊಂದಾಗಿ ಕನೆಕ್ಟ್ ಮಾಡ್ಸಿದೆ. ಎಪಿಕ್‌ನವರು 2018ರ ಡಿಸೆಂಬರ್‌ನಲ್ಲಿ ಸ್ಟೋರ್ ಶುರು ಮಾಡಿದಾಗಿಂದ ಫ್ರೀ ಗೇಮ್ ಹಂಚ್ತಾನೇ ಇದಾರಲ್ಲ, ಇವನು ಒಂದನ್ನೂ ಬಿಟ್ಟಿರ್ಲಿಲ್ಲ, ಸೇಲ್ ಬಂದಾಗ್ಲೆಲ್ಲ ಸ್ಟೀಮ್‌ನಲ್ಲಿ ಬಾಚ್ಕೊಂಡಿದ್ದು ಬೇರೆ. ಇಂಪೋರ್ಟ್ ಮುಗೀತು. ಸ್ಕ್ರೀನ್ ತುಂಬ ಕವರ್‌ಗಳು, ಸ್ಕ್ರಾಲ್ ಮಾಡಿದಷ್ಟೂ ಬರ್ತಾನೇ ಇದಾವೆ, ಪ್ಲೇಟೈಮ್ ಕಾಲಮ್‌ನಲ್ಲಿ ಮೇಲಿಂದ ಕೆಳಗೆ ಸೊನ್ನೆ ಸೊನ್ನೆ ಸೊನ್ನೆ. ಆಸಾಮಿ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ಆಮೇಲೆ ಕೇಳಿದ, “ಇದೆಲ್ಲ ಮುಗ್ಸೋಕೆ ಎಷ್ಟು ಟೈಮ್ ಬೇಕು?”

ಅಲ್ಲಿಂದ ಶುರುವಾಯ್ತು. ಹೌ ಲಾಂಗ್ ಟು ಬೀಟ್ ಅಂತ ಸೈಟ್ ಇದೆ, 2011ರಿಂದ ಇದೆ, ಆಡಿದ ಜನಾನೇ ತಮಗೆ ಎಷ್ಟು ಗಂಟೆ ಹಿಡೀತು ಅಂತ ಹಾಕಿರ್ತಾರೆ, ಬರೀ ಕಥೆಗೆ ಇಷ್ಟು, ಸೈಡ್ ಕೆಲಸಗಳೂ ಸೇರಿದ್ರೆ ಇಷ್ಟು, ಎಲ್ಲಾ ನೂರಕ್ಕೆ ನೂರು ಮಾಡಿದ್ರೆ ಇಷ್ಟು ಅಂತ. ವಿಚರ್ 3 ಕಥೆಗೆ 50 ಗಂಟೆ ಹತ್ರ, ಎಲ್ಲಾ ಮಾಡ್ತೀನಿ ಅಂದ್ರೆ 170 ದಾಟುತ್ತೆ. ಪರ್ಸೋನಾ 5 ರಾಯಲ್ ಬರೀ ಕಥೇನೇ ನೂರು ಗಂಟೆ. ಇವನು ಕೂತು ಎಲ್ಲಾನೂ ಕೂಡಿಸಿದ. ನಾನು ಬೇಡ ಅಂದೆ. ಕೂಡಿಸಿದ್ಮೇಲೆ, ನಂಬರ್ ಇಳಿಸ್ಬೇಕು ಅಂತ, ಎರಡು ಮೂರು ಗಂಟೆಲಿ ಮುಗಿಯೋ ಗೇಮ್‌ಗಳನ್ನೇ ಹುಡ್ಕಿ ಹುಡ್ಕಿ ಆಡೋಕೆ ಶುರು ಮಾಡಿದ. ಇಷ್ಟ ಆಯ್ತಾ ಅಂದ್ರೆ “ಮುಗೀತು” ಅಂತಿದ್ದ. ಸ್ವಲ್ಪ ದಿನಕ್ಕೆ ಅದೂ ಸಾಕಾಗಿ ಆಪ್ ಅನ್‌ಇನ್‌ಸ್ಟಾಲ್ ಮಾಡ್ದ, ಇವತ್ತಿಗೂ ಸಿಕ್ಕಿದೋರಿಗೆಲ್ಲ ಹೇಳ್ತಾನೆ, ಇವ್ನು ಹೇಳಿದ ಆಪ್‌ನಿಂದ ನಂಗೆ ಗೇಮ್ ಆಡೋ ಆಸೇನೇ ಹೋಯ್ತು ಅಂತ. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಸೇಲ್‌ನಲ್ಲಿ ಕೊಂಡೋನು ಅವನು, ಕ್ಲೈಮ್ ಬಟನ್ ಒತ್ತಿದೋನು ಅವನು, ಲಿಸ್ಟ್ ತೋರಿಸಿದ ಪಾಪ ಮಾತ್ರ ನಂದು.

ಅವನ ಗಲಾಟೆ ನೋಡಿದ್ಮೇಲೆ ಹೊಳೀತು, ಎಲ್ರೂ ಕೇಳೋದು ಮುಗಿಸಿದ್ರ ಬಗ್ಗೆ. ಎಷ್ಟು ಮುಗ್ಸಿದೆ, ಎಷ್ಟು ಪ್ಲಾಟಿನಮ್ (ಒಂದು ಗೇಮಿನ ಎಲ್ಲಾ ಟ್ರೋಫಿ ಹೊಡೆದ್ರೆ ಸಿಗೋದು) ಇದೆ, ಬ್ಯಾಕ್‌ಲಾಗ್ ಅಂದ್ರೆ ಆಡದೇ ಉಳಿದಿರೋ ರಾಶಿ ಎಷ್ಟು ಇಳೀತು. ಒಬ್ರೂ ಇವತ್ತಿನವರ್ಗೂ ಕೇಳಿಲ್ಲ, ಅರ್ಧಕ್ಕೆ ಬಿಟ್ಟ ಗೇಮ್ ಬಗ್ಗೆ ಏನ್ ಬರ್ದಿಡ್ತೀಯಾ ಅಂತ. ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ, ಬ್ಲಾಗ್ ನಂದು.

ಮುಗಿಸಿದ ಗೇಮಿಗೆ ಟ್ರ್ಯಾಕರ್ ಅಷ್ಟೇನೂ ಬೇಕಾಗಲ್ಲ, ಮುಗ್ಸಿದ್ದು ನೆನಪಿರುತ್ತೆ. ಬೇಕಾಗೋದು ಬಿಟ್ಟಿದ್ದಕ್ಕೆ. ನಾಲ್ಕು ತಿಂಗಳು ಬಿಟ್ಟು ಸೇವ್ ಲೋಡ್ ಮಾಡಿದ್ರೆ, ಯಾವ ಬಟನ್ ಏನ್ ಮಾಡುತ್ತೆ ಗೊತ್ತಿಲ್ಲ, ಎಲ್ಲಿಗೆ ಹೋಗ್ತಿದ್ದೆ ಗೊತ್ತಿಲ್ಲ, ಬ್ಯಾಗ್‌ನಲ್ಲಿ ಯಾವ್ದೋ ಬೀಗದ ಕೈ ಇದೆ, ಅದು ಯಾವ ಬಾಗಿಲಿಂದು ದೇವ್ರಿಗೇ ಗೊತ್ತು. ಹತ್ತು ನಿಮಿಷ ಅಲ್ಲಿ ಇಲ್ಲಿ ಓಡಾಡಿ, ಮೊದಲ್ನಿಂದ ಶುರು ಮಾಡೋಣ ಅಂತ ಹೊಸ ಸೇವ್ ಮಾಡಿ, ಮತ್ತೆ ಅದೇ ಜಾಗದವರ್ಗೂ ಬಂದು ಮತ್ತೆ ಬಿಡ್ತೀವಿ. ಟ್ರೋಫಿ ಲಿಸ್ಟ್ ನೋಡಿದ್ರೆ 43 ಪರ್ಸೆಂಟ್ ಅನ್ನುತ್ತೆ. ಆ 43 ಇಟ್ಕೊಂಡು ಏನ್ ಮಾಡ್ಲಿ? ಗಂಟೆ ಲೆಕ್ಕಾನೂ ಅಷ್ಟೇ, ಗೇಮ್ ಓಪನ್ ಇಟ್ಟು ಸ್ನಾನಕ್ಕೆ ಹೋದ್ರೂ ಸ್ಟೀಮ್ ಎಣಿಸ್ಕೊಂಡು ಹೋಗುತ್ತೆ.

ಅದ್ಕೇ ನಾನು ಬಿಡೋ ದಿನ ನೋಟ್ಸ್ ಜಾಗದಲ್ಲಿ ಮೂರ್ನಾಲ್ಕು ಸಾಲು ಬರೀತೀನಿ. ಹಾಲೋ ನೈಟ್ ಅನ್ನೋ ಗೇಮ್‌ನ, ಡೀಪ್‌ನೆಸ್ಟ್ ಅನ್ನೋ ಏರಿಯಾದಲ್ಲಿ ಬಿಟ್ಟಾಗ ಬರೆದಿದ್ದು ಹಾಗೇ ಇಲ್ಲಿ ಹಾಕ್ತೀನಿ: “ಡೀಪ್‌ನೆಸ್ಟ್ ಒಳಗೆ ಬಿದ್ದಿದೀನಿ. ಕಾರ್ನಿಫರ್ ಸಿಕ್ಕಿಲ್ಲ, ಅಂದ್ರೆ ಮ್ಯಾಪ್ ಇಲ್ಲ. ಸತ್ತಾಗ ಬಿಟ್ಟುಬಂದ ಶೇಡ್ ಎಡಗಡೆ ಸುರಂಗದಲ್ಲಿದೆ, ದುಡ್ಡೆಲ್ಲ ಅದರ ಹತ್ರಾನೇ. ಮೊದ್ಲು ಮೇಲೆ ಹೋಗೋ ದಾರಿ ಹುಡ್ಕು, ಆಮೇಲೆ ಹೀರೋ ಆಗು. ಬಿಟ್ಟಿದ್ದು ಬೋರ್ ಆಗಿ ಅಲ್ಲ, ಹೆದರಿಕೆಯಾಗಿ.” ಕೊನೇ ಸಾಲು ಮುಖ್ಯ. ಬೋರಾಗಿ ಬಿಟ್ಟಿದ್ದು, ಕಷ್ಟ ಆಗಿ ಬಿಟ್ಟಿದ್ದು, ಬೇರೆ ಕೆಲಸ ಬಂದು ಬಿಟ್ಟಿದ್ದು ಮೂರೂ ಬೇರೆ ಬೇರೆ, ವಾಪಸ್ ಹೋಗ್ಬೇಕೋ ಬೇಡ್ವೋ ಅಂತ ಹೇಳೋದು ಅದೇ. ಆ ಆಟದಲ್ಲಿ ಕಾರ್ನಿಫರ್ ಅನ್ನೋ ಮ್ಯಾಪ್ ಮಾರೋನನ್ನ ಪ್ರತಿ ಏರಿಯಾದಲ್ಲೂ ಹುಡುಕಿ ಕೊಳ್ಬೇಕು, ಕೊಂಡ್ರೂ ಹೊಸ ಜಾಗ ಅದ್ರಲ್ಲಿ ಮೂಡೋದು ಬೆಂಚ್ ಮೇಲೆ ಕೂತಾಗ್ಲೇ, ಅಂಥಾ ಕಡೆ ಮರೆತು ವಾಪಸ್ ಬಂದ್ರೆ ಕಥೆ ಮುಗೀತು.

ಇದನ್ನ ಅರ್ಥ ಮಾಡ್ಕೊಂಡಿರೋ ಗೇಮ್ ಅಂದ್ರೆ ಔಟರ್ ವೈಲ್ಡ್ಸ್, 2019ರದ್ದು. ಅಲ್ಲಿ ಕೂಡಿಟ್ಕೊಳೋಕೆ ಲೆವೆಲ್ಲೂ ಇಲ್ಲ ಆಯುಧಾನೂ ಇಲ್ಲ, ನಿಮಗೆ ಏನು ಗೊತ್ತಾಯ್ತೋ ಅದೇ ಪ್ರೋಗ್ರೆಸ್ಸು. ಅದ್ಕೇ ನಿಮ್ಮ ನೌಕೇಲಿ ಒಂದು ಶಿಪ್ ಲಾಗ್ ಇಟ್ಟಿದಾರೆ, ಎಲ್ಲಿ ಏನು ಓದಿದ್ರಿ, ಯಾವ ಸುಳಿವು ಯಾವುದಕ್ಕೆ ಸೇರುತ್ತೆ, ಈ ಜಾಗದಲ್ಲಿ ನೋಡೋಕೆ ಇನ್ನೂ ಇದೆ ಅಂತೆಲ್ಲ ಅದೇ ಬರ್ಕೊಂಡು ಗೆರೆ ಎಳೆದು ತೋರ್ಸುತ್ತೆ. ಎಲ್ಲಾ ಗೇಮೂ ಹೀಗಿದ್ರೆ ನಾನು ಯಾವ ಸೈಟಿಗೂ ಹೋಗ್ತಿರ್ಲಿಲ್ಲ.

ಇಲ್ಲ ಅಂತ ತಾನೆ ಬ್ಯಾಕ್‌ಲಾಗ್ಡ್ ಅನ್ನೋ ಸೈಟ್ ಬಳಸ್ತಿರೋದು. ಕವರ್, ಸ್ಟಾರ್ ರೇಟಿಂಗ್, ರಿವ್ಯೂ, ಅದೆಲ್ಲ ಇರ್ಲಿ. ಅಲ್ಲಿ ಆಡಿದ ಗೇಮಿಗೆ ಹಾಕೋ ಸ್ಟೇಟಸ್‌ಗಳು ನಂಗಿಷ್ಟ. ಕಂಪ್ಲೀಟೆಡ್ ಸರಿ, ಜೊತೆಗೆ ಶೆಲ್ವ್ಡ್ ಇದೆ, ಅಂದ್ರೆ ಸದ್ಯಕ್ಕೆ ಎತ್ತಿಟ್ಟಿದೀನಿ ಬರ್ತೀನಿ. ಅಬ್ಯಾಂಡನ್ಡ್ ಇದೆ, ಬರಲ್ಲ ಹೋಗಯ್ಯ. ರಿಟೈರ್ಡ್ ಅಂತಾನೂ ಇದೆ, ಕೊನೇನೇ ಇಲ್ಲದ ಆಟಗಳಿಗೆ. ಟೆಟ್ರಿಸ್ ಯಾವಾಗ ಮುಗೀತು ಅಂತ ಹೇಳ್ತೀರ? ನನ್ನ ಲಿಸ್ಟ್‌ನಲ್ಲಿ ಅಬ್ಯಾಂಡನ್ಡ್ ಸಾಲು ದಪ್ಪಗೇ ಇದೆ, ನಾಚ್ಕೆ ಏನಿಲ್ಲ. ಹಿಡಿಸದ ಗೇಮಿಗೆ ಆ ಟ್ಯಾಗ್ ಹಾಕಿ ಕ್ಲಿಕ್ ಮಾಡೋದ್ರಲ್ಲಿ ಇರೋ ನೆಮ್ಮದಿ ಪ್ಲಾಟಿನಮ್‌ನಲ್ಲಿ ಇಲ್ಲ.

ಒಂದೇ ಒಂದಕ್ಕೆ ಸ್ಟೇಟಸ್ ಸಿಕ್ಕಿಲ್ಲ. ದಿ ಕ್ರೂ, 2014ರ ರೇಸಿಂಗ್ ಗೇಮ್. ಸರ್ವರ್ 2024ರ ಮಾರ್ಚ್ 31ಕ್ಕೆ ನಿಂತೋಯ್ತು, ಸರ್ವರ್ ಇಲ್ದೆ ಒಬ್ರೇ ಆಡೋದೂ ಆಗಲ್ಲ, ಡಿಸ್ಕ್ ಕಪಾಟಲ್ಲಿದ್ರೂ ಅಷ್ಟೇ. ಅದು ಕಲೆಕ್ಷನ್‌ನಲ್ಲಿ ಇದ್ಯಾ ಇಲ್ವಾ? ನಾನು ಬಿಟ್ಟಿಲ್ಲ, ಅದೇ ನನ್ನ ಬಿಟ್ಟಿದ್ದು. ಈ ಸೈಟ್‌ಗಳಿಗೂ ಅದೇ ಗತಿ ಬರ್ಬೋದು ಅನ್ನೋದು ಬೇರೆ ಇದೆ. ತುಂಬ ಟ್ರ್ಯಾಕರ್‌ಗಳ ಹಿಂದೆ ಗೇಮ್ ಮಾಹಿತಿ ಬರೋದು ಐಜಿಡಿಬಿ ಅನ್ನೋ ಒಂದೇ ಡೇಟಾಬೇಸ್‌ನಿಂದ, ಅದನ್ನ 2019ರಲ್ಲಿ ಟ್ವಿಚ್ ಅನ್ನೋ ಲೈವ್ ಸ್ಟ್ರೀಮಿಂಗ್ ಸೈಟ್ ಕೊಂಡ್ಕೊಳ್ತು, ಟ್ವಿಚ್ ಅಮೆಜಾನ್‌ದು. ಗೇಮ್‌ಗಳ ಹೆಸರು ಎಲ್ಲಾದ್ರೂ ಮತ್ತೆ ಸಿಗುತ್ತೆ, ಶೇಡ್ ಎಡಗಡೆ ಸುರಂಗದಲ್ಲಿದೆ ಅನ್ನೋದು ಸಿಗಲ್ಲ. ಹಾಗಾಗಿ ನೋಟ್ಸ್ ಎಲ್ಲಾ ನನ್ನ ಹತ್ರ ಒಂದು ಸಾದಾ ಸ್ಪ್ರೆಡ್‌ಶೀಟ್‌ನಲ್ಲೂ ಇರುತ್ತೆ.

ಇಷ್ಟು ಓದಿದ್ಮೇಲೂ “ಸರಿ, ಯಾವ ಆಪ್?” ಅನ್ನೋರು ಇದ್ದೇ ಇರ್ತೀರ. ಪಿಸಿ ಆದ್ರೆ ಪ್ಲೇನೈಟ್, ಬರ್ದಿಡೋಕೆ ಬ್ಯಾಕ್‌ಲಾಗ್ಡ್, ಹೋಗಿ. ಸ್ಟೀಮ್‌ನಿಂದ ಲಿಸ್ಟ್ ಎಳ್ಕೊಳೋ ಯಾವ ಸೈಟಿಗಾದ್ರೂ ಕೊಡೋ ಮುಂಚೆ ನಿಮ್ಮ ಪ್ರೊಫೈಲ್‌ನ ಪ್ರೈವಸಿ ಸೆಟ್ಟಿಂಗ್ಸ್‌ಗೆ ಹೋಗಿ ಗೇಮ್ ಡೀಟೇಲ್ಸ್ ಅನ್ನೋದು ಪಬ್ಲಿಕ್ ಇದ್ಯಾ ನೋಡ್ಕೊಳಿ, 2018ರಿಂದ ಅದು ತಾನಾಗೇ ಪಬ್ಲಿಕ್ ಇರಲ್ಲ. ಲಿಸ್ಟ್ ಖಾಲಿ ಬಂತು ಅಂತ ರಾತ್ರಿ ಹನ್ನೊಂದಕ್ಕೆ ನಂಗೆ ಸ್ಕ್ರೀನ್‌ಶಾಟ್ ಕಳಿಸ್ಬೇಡಿ.