ಅಕ್ಕಿ ಚೀಲ ಇಳಿಸಿದ ಮೇಲೆ

2017ರ ತಪಸ್ಸುಕಾಲದ, ಅಂದರೆ ಈಸ್ಟರಿನ ಮುಂಚಿನ ಉಪವಾಸದ ದಿನಗಳ, ಒಂದು ಶುಕ್ರವಾರ ನಮ್ಮ ಚರ್ಚಿನಿಂದ ಏಳು ಮಂದಿ ಜೀಪು ಮಾಡಿಕೊಂಡು ಕಾಸರಗೋಡಿನ ಪಡ್ರೆಗೆ ಹೋಗಿದ್ದೆವು. ಹಿಂದಿನ ಸೀಟಿನಲ್ಲಿ, ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ನೊಂದವರ ಮನೆಗಳಿಗೆಂದು ಹತ್ತತ್ತು ಕಿಲೋದ ಕುಚ್ಚಲಕ್ಕಿ ಚೀಲಗಳು. ಎಣ್ಮಕಜೆ ಪಂಚಾಯತಿನ ಆ ಕಡೆ ಸ್ವರ್ಗ ಎಂಬ ಹೆಸರಿನ ಊರೇ ಇದೆ.

ಮೂರನೇ ಮನೆ. ಜಗಲಿಯ ಚಾಪೆಯಲ್ಲಿ ಇಪ್ಪತ್ತೆರಡರ ಮಗ, ಮೈ ಬೆಳೆದದ್ದು ಏಳೆಂಟು ವರ್ಷದ ಹುಡುಗನಷ್ಟು. ತಾಯಿ ಅವನ ತಲೆಯನ್ನು ತನ್ನ ತೊಡೆಗೆ ಆನಿಸಿಕೊಂಡು, ಗಂಜಿಯ ಅಗುಳನ್ನು ಕೈಯಲ್ಲೇ ನುರಿದು, ಬೆರಳ ತುದಿಯಿಂದ ನಾಲಗೆಯ ಮೇಲಿಡುತ್ತಿದ್ದರು. ನುಂಗುವವರೆಗೆ ಗಂಟಲನ್ನೇ ನೋಡುತ್ತಾ ಕಾಯುವುದು, ಮತ್ತೊಂದು ತುತ್ತು. ಅರ್ಧ ಬಟ್ಟಲು ಮುಗಿಯಲು ಮುಕ್ಕಾಲು ಗಂಟೆ. ಅಕ್ಕಿ ಇಳಿಸಿದ ನಾನು ಏನಾದರೂ ಹೇಳಬೇಕಲ್ಲ ಎಂದು, "ದೇವರ ಇಚ್ಛೆ ಅಮ್ಮಾ, ನಾವು ಪ್ರಾರ್ಥನೆ ಮಾಡ್ತೇವೆ" ಎಂದೆ. ಅವರು ತಲೆ ಎತ್ತದೆ ತುಳುವಿನಲ್ಲೇ ಹೇಳಿದರು: "ಹೆಲಿಕಾಪ್ಟರಿನಲ್ಲಿ ಬಂದದ್ದು ದೇವರಲ್ಲ ಮಗಾ."

ಗುಡ್ಡದ ಮೇಲೆ ಕೇರಳ ಸರಕಾರದ ಪ್ಲಾಂಟೇಶನ್ ನಿಗಮದ ಗೇರು ತೋಟ. ಗೇರಿಗೆ ಬೀಳುವ ಟೀ ಸೊಳ್ಳೆ ಎಂಬ ಕೀಟದ ಕಾಟಕ್ಕೆಂದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, 2000ದವರೆಗೆ, ಆಕಾಶದಿಂದ ಎಂಡೋಸಲ್ಫಾನ್ ಬಿಟ್ಟರು. ಆ ದಿನಗಳಲ್ಲಿ ನೀರಿನ ಮೂಲ ಮುಚ್ಚಿಡಬೇಕಂತೆ. ಬಾವಿಯಾದರೆ ಸೋಗೆ ಹಾಕಿ ಮುಚ್ಚಬಹುದು. ಇಲ್ಲಿಯವರು ಕುಡಿಯುವುದು ಸುರಂಗದ ನೀರು: ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಸರುವ ನೀರನ್ನು ಅಡಿಕೆ ದಂಬೆಯಲ್ಲಿ ಅಂಗಳಕ್ಕೆ ಇಳಿಸುತ್ತಾರೆ. ಇಡೀ ಗುಡ್ಡವನ್ನು ಯಾವ ಸೋಗೆಯಿಂದ ಮುಚ್ಚುವುದು? ಒಂದೇ ಊರಿನಲ್ಲಿ ಇಷ್ಟು ಕಾಯಿಲೆ ಯಾಕೆ ಎಂದು ಕೇಳಿದವರು ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್. ಕೋರ್ಟಿಗೆ ಹೋದವರು ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿಯಮ್ಮ. ಆ ವರ್ಷಗಳಲ್ಲಿ ನಮ್ಮ ಚರ್ಚಿನಲ್ಲಿ ಈ ಬಗ್ಗೆ ಒಂದೇ ಒಂದು ಪ್ರವಚನ ಕೇಳಿದ ನೆನಪು ನನಗಿಲ್ಲ. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

2011ರಲ್ಲಿ ಸುಪ್ರೀಂ ಕೋರ್ಟು ಈ ವಿಷವನ್ನು ದೇಶದಲ್ಲೇ ತಡೆಯಿತು. 2017ರ ಜನವರಿಯಲ್ಲಿ, ನೊಂದವರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಹೇಳಿತು. ಆದರೆ ಈ ಹುಡುಗನ ಹೆಸರು ನೊಂದವರ ಪಟ್ಟಿಯಲ್ಲೇ ಇರಲಿಲ್ಲ. ಆ ಪಟ್ಟಿಗೆ ಹೆಸರು ಆರಿಸುವ ವೈದ್ಯಕೀಯ ಶಿಬಿರ ನಡೆದ ದಿನ ಅವನು ಫಿಟ್ಸ್ ಬಂದು ಮಂಗಳೂರಿನ ಆಸ್ಪತ್ರೆಯಲ್ಲಿದ್ದ.

ವಾಪಸು ಬರುವಾಗ ಜೀಪಿನಲ್ಲಿ ಎಲ್ಲರೂ ಮಾತಾಡುತ್ತಿದ್ದರು, ನನಗೆ ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲೂ ಅದೇ ಮದ್ದು ಇತ್ತು. ಗೇರು ಹೂ ಬಿಡುವ ಹೊತ್ತಿಗೆ ಅಪ್ಪ ಬಾಟ್ಲಿಯ ಮುಚ್ಚಳದಲ್ಲಿ ಅಳೆದು ನೀರಿಗೆ ಬೆರೆಸುತ್ತಿದ್ದರು. ಖಾಲಿ ಬಾಟ್ಲಿಯನ್ನು ತೋಡಿನಲ್ಲಿ ತೊಳೆಯುವ ಕೆಲಸ ನನ್ನದು. ತೋಡು ಕೆಳಗಿನ ಮನೆಗಳ ಕಡೆ ಹರಿಯುತ್ತಿತ್ತು.

ಈಸ್ಟರಿನ ಮುಂಚೆ ಪಾಪನಿವೇದನೆಯಲ್ಲಿ ಇದನ್ನೆಲ್ಲ ಹೇಳಿದೆ. ಫಾದರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೈಬಲಿನ ಸುಂಕದವ ಜಕ್ಕಾಯ ಯೇಸುವಿನ ಎದುರು ಎದ್ದು ನಿಂತು, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕು ಪಟ್ಟು ಹಿಂದೆ ಕೊಡ್ತೇನೆ ಅಂದ. ನೀನು ಏನು ಕೊಡ್ತಿ?" ಎಂದು ಕೇಳಿದರು. ಆ ತಾಯಿಯ ಜೊತೆ ಕಚೇರಿ ಹತ್ತುವುದೇ ನನಗೆ ಸಿಕ್ಕಿದ ಪ್ರಾಯಶ್ಚಿತ್ತ.

ನೆರೆಯವನ ಅಡಿಕೆ ಕದ್ದವನಿಗೆ "ಮೊದಲು ಅಡಿಕೆ ವಾಪಸು ಕೊಡು" ಎನ್ನುವುದು ಕ್ರೈಸ್ತರಾದ ನಮಗೆ ಚಿಕ್ಕಂದಿನ ಪಾಠ. ಗುಡ್ಡದ ನೀರನ್ನೇ ಹಾಳು ಮಾಡಿದವರಿಗೆ, ವಿಷ ಮಾರಿ ಲಾಭ ತೆಗೆದ ಕಂಪೆನಿಗಳಿಗೆ ಅದೇ ಮಾತು ಹೇಳಲು ನಮಗೆ ಧೈರ್ಯ ಬರುವುದಿಲ್ಲ, ಅಕ್ಕಿ ಕೊಡುತ್ತೇವೆ. ಅಕ್ಕಿ ಬೇಡ ಅನ್ನುತ್ತಿಲ್ಲ, ಹಸಿವು ಕಾಯುವುದಿಲ್ಲ. ಆದರೆ ಒಂದು ಕಾಲಕ್ಕೆ ಕಾನ್ವೆಂಟು ಸೇರಿದ್ದ ಸಮಾಜ ಸೇವಕಿ ದಯಾಬಾಯಿ, ಎಂಬತ್ತು ದಾಟಿದ ಮೇಲೆ, 2022ರ ಅಕ್ಟೋಬರಿನಲ್ಲಿ ಇದೇ ಜನರಿಗಾಗಿ ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಉಪವಾಸ ಕೂತರು. ನಮ್ಮ ಶುಕ್ರವಾರದ ಉಪವಾಸಕ್ಕೆ ಅಂಥ ಅರ್ಥವೂ ಇದೆ ಎಂದು ನನಗೆ ಹೊಳೆದದ್ದು ಆಗ.

ಆ ಹುಡುಗನ ಕಡತ ಈಗಲೂ ನನ್ನ ಬಳಿ ಇದೆ. ಈ ಸಲದ ತಪಸ್ಸುಕಾಲದ ಕಾಣಿಕೆಯಲ್ಲಿ ಇಂಥ ಕಡತಗಳ ಓಡಾಟಕ್ಕೆ, ವಕೀಲರಿಗೆ ಒಂದು ಪಾಲು ಇಡೋಣ ಎಂದು ಚರ್ಚಿನ ಪಾಲನಾ ಮಂಡಳಿಯಲ್ಲಿ ಕೇಳಿದೆ. "ಅದು ರಾಜಕೀಯ ಆಗ್ತದೆ" ಎಂದರು ಹಿರಿಯರೊಬ್ಬರು. ಮುಂದಿನ ಸಭೆ ಬರುವ ಆದಿತ್ಯವಾರ, ಎರಡನೇ ಪೂಜೆಯ ನಂತರ. ಆ ತಾಯಿಯನ್ನೂ ಕರೆದಿದ್ದೇನೆ. ಮಗನ ಹತ್ತಿರ ಕೂರಲು ಯಾರಾದರೂ ಸಿಕ್ಕಿದರೆ ಬರುತ್ತೇನೆ ಎಂದಿದ್ದಾರೆ.